ಮಗ್ಗದ ಗುಳಿಯಲ್ಲಿ ಸಮುದ್ರ

ಪಾಲಾರ್ ಗಡಿಯಿಂದ ಯಳಂದೂರಿನವರೆಗೆ ಮನೆಯಲ್ಲಿ ಸಮುದ್ರ ಸಾಕಿದ ಗಂಡಸು ನಾನೊಬ್ಬನೇ. ನನ್ನ ಹವಳದ ದಿಬ್ಬ ನೋಡಲು ತಿಮಿಂಗಿಲಗಳು ಬಸ್ಸು ಹತ್ತಿ ಬಂದು, ಕೊಳ್ಳೇಗಾಲದ ನಿಲ್ದಾಣದಲ್ಲಿ ‘ದೇವರಾಜಣ್ಣನ ಮನೆ ಯಾವ ಬೀದಿ?’ ಎಂದು ಕೇಳುತ್ತಿದ್ದವು.

2003ರ ಮಾತು. ಸಮುದ್ರ ಎಂದರೆ ಎರಡಡಿ ಗಾಜಿನ ತೊಟ್ಟಿ, ಉಪ್ಪುನೀರು, ಅಂಗೈಯಗಲದ ಮೂರು ಹವಳ, ಕಿತ್ತಳೆ ಬಣ್ಣದ ಎರಡು ಮೀನು. ಇಷ್ಟು ಪುಟ್ಟ ಸಮುದ್ರದ ನೀರು ಬೇಗ ಕೆಡುತ್ತದೆ, ಕೆಳಗೊಂದು ಸಂಪ್ ಕಟ್ಟಿಕೊಳ್ಳಿ ಎಂದು ಬೆಂಗಳೂರಿನ ಮೀನಿನಂಗಡಿಯವನು ಹೇಳಿದ್ದ. ಮೇಲಿನ ನೀರು ಪೈಪಿನಲ್ಲಿ ಇನ್ನೊಂದು ತೊಟ್ಟಿಗೆ ಇಳಿದು, ಸ್ಪಂಜಿನಲ್ಲಿ ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೇರಬೇಕು. ಅಷ್ಟೇ.

ಜಾಗವನ್ನು ನನ್ನಂಥ ಮೇಧಾವಿಯಲ್ಲದೆ ಬೇರೆ ಯಾರು ಹುಡುಕಿಯಾರು? ನನ್ನ ರೇಷ್ಮೆ ಮಗ್ಗ ಬಿಚ್ಚಿಟ್ಟು ವರ್ಷವಾಗಿತ್ತು. ನೇಯುವಾಗ ಕಾಲು ಇಳಿಬಿಡುವ ಗುಳಿ ಖಾಲಿ ಬಿದ್ದಿತ್ತು. ಸಂಪನ್ನು ಅದರೊಳಗೆ ಇಳಿಸಿದೆ. ಪಕ್ಕದ ಗುಳಿ ನನ್ನ ಹೆಂಡತಿ ಪುಷ್ಪಳದು. ಅವಳ ಮಗ್ಗದಿಂದಲೇ ಮನೆ ನಡೆಯುತ್ತಿತ್ತು. ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ, ಅದರಲ್ಲಿ ಒಂದು ಇಲಿ ಬಿಲ.

“ನನ್ ಗುಳಿಗೆ ಒಂದ್ ತೊಟ್ಟು ಬಂದ್ರೂ ಮೀನು ಬೆಂಗ್ಳೂರಿಗೆ ವಾಪಸ್ಸು,” ಎಂದಳು ಪುಷ್ಪ. ನನ್ನ ಕೆಲಸದಲ್ಲಿ ನೀರಿನ ಹಬೆ ಕೂಡ ಆಚೆ ಹೋಗದು ಎಂದು ಎದೆ ತಟ್ಟಿಕೊಂಡೆ.

ಪೈಪು ಜೋಡಿಸಿಕೊಟ್ಟವನು ಗೆಳೆಯ ಬಿಳಿಗಿರಿ. ಹಿಂದಿನ ತಿಂಗಳು ನಮ್ಮ ಅಡುಗೆಮನೆಯ ನಲ್ಲಿ ಪೈಪನ್ನೂ ಅವನೇ ಹಾಕಿ, ಮೇಲೆ ಸಿಮೆಂಟು ಮೆತ್ತಿದ್ದ. ಪಂಪಿನ ಪೈಪಿಗೆ ನೀರಿನ ಮಟ್ಟದ ಹತ್ತಿರ ಒಂದು ಸಣ್ಣ ತೂತು ಕೊರೆಯಬೇಕು, ಇಲ್ಲದಿದ್ದರೆ ಕರೆಂಟು ಹೋದಾಗ ಮೇಲಿನ ನೀರೆಲ್ಲ ಅದೇ ಪೈಪಿನಲ್ಲಿ ಕೆಳಕ್ಕೆ ಇಳಿದು ಸಂಪು ಉಕ್ಕುತ್ತದೆ ಎಂದ. ಸಮುದ್ರಕ್ಕೆ ಬುದ್ಧಿ ಹೇಳುವಷ್ಟು ದೊಡ್ಡವನಾದೆಯಾ ಎಂದು ಅವನನ್ನು ಅಣಕಿಸಿ ಕಳಿಸಿದೆ. ಆಮೇಲೆ ಸಂಪನ್ನು ಅಂಚಿನವರೆಗೂ ತುಂಬಿದೆ.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಕರೆಂಟು ಹೋಯಿತು. ಪುಷ್ಪ ನೇಯುತ್ತಿದ್ದವಳು ಕಾಲು ಮೇಲೆತ್ತಿಕೊಂಡಳು. ಹೆಬ್ಬೆರಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಒಂದು ಕ್ಷಣವೂ ತಡಮಾಡದೆ ಅಡುಗೆಮನೆಯ ಪೈಪು ಸೋರುತ್ತಿದೆ, ಬಿಳಿಗಿರಿಯ ಕೆಲಸವೇ ಅಷ್ಟು ಎಂದುಬಿಟ್ಟೆ. ಅವಳು ಅವನನ್ನು ಕರೆಸಿ ಚೆನ್ನಾಗಿ ಬೈದಳು. ಅವನು ತಲೆ ತಗ್ಗಿಸಿ, ಉಳಿ ಸುತ್ತಿಗೆ ತಂದು, ತಾನೇ ಹಾಕಿದ ಹೊಸ ನೆಲವನ್ನು ಒಡೆಯತೊಡಗಿದ. ನಾನು ಪಕ್ಕದಲ್ಲಿ ನಿಂತು, ಸ್ವಲ್ಪ ಎಡಕ್ಕೆ ಒಡೆ ಎಂದು ಸಲಹೆ ಕೊಟ್ಟೆ.

ಅಷ್ಟರಲ್ಲಿ ಪುಷ್ಪ ಕುಂಟುತ್ತಾ ಬಂದಳು.

“ಬಿಳಿಗಿರಿ, ಸುತ್ಗೆ ಮಡಗು. ನಲ್ಲಿ ನೀರಾಗಿದ್ರೆ ಒಡ್ದಿರೋ ಕಾಲ್ ಇಮ್ಮಡಿ ಇಂಗೆ ಯಾಕಪ್ಪಾ ಉರೀತದೆ?”

ಬಿಳಿಗಿರಿ ಮೇಲೆದ್ದು, ಅವಳ ಗುಳಿಯ ನೀರನ್ನು ಬೆರಳಿಂದ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡ. ನನ್ನ ಕಡೆ ತಿರುಗಿದ.

“ಲೇ ದೇವ್ರಾಜ, ನೀನೇ ಯೋಳ್ತೀಯಾ, ನಾನ್ ಯೋಳನಾ?”

ಅವನ ಮೊಣಕಾಲಿನವರೆಗೆ ಸಿಮೆಂಟಿನ ಪುಡಿ ಮೆತ್ತಿತ್ತು. ಹೋಗಿ ಮೀನಿಗೆ ಬಕೆಟ್ಟು ತಂದಿಟ್ಟು ಹೇಳಿದೆ:

“ನಂದೇ ನೀರು ಪುಷ್ಪಾ. ತೂತು ಕೊರಿ ಅಂತ ಇವ್ನು ಯೋಳಿದ್ದ, ನಾನ್ ಕೊರೀನಿಲ್ಲ. ಇಲಿ ಬಿಲ ಇರೋದೂ ಗೊತ್ತಿತ್ತು. ನೀರು ಬರೋದ್ನ ನಿನಗಿಂತ ಮುಂಚೆ ನೋಡ್ದೋನೂ ನಾನೇ.”