ಗಿಡ್ಡ ಕಾಲಿನ ಹಕ್ಕಿ

ಶನಿವಾರದ ತರಗತಿ ಶುರುವಾಗುವ ಮೊದಲೇ ಪೆತ್ರೋನಾ ಒಂದು ಬಟ್ಟೆಯ ಚೀಲ ತಂದು ಸಿದ್ದೇಶ್ವರಿಯ ಲ್ಯಾಪ್‌ಟಾಪಿನ ಮೇಲಿಟ್ಟಳು. ಚೀಲದ ಮೇಲೆ ಎರಡು ತಲೆಯ ಕೆಂಪು ಹಕ್ಕಿ ಅಚ್ಚಾಗಿತ್ತು. ತಾನು ಕ್ಲೀನಿಂಗಿಗೆ ಹೋಗುವ ಮನೆಯೊಡತಿ ಕೊಟ್ಟದ್ದು, ಆಕೆಗೆ ಯಾವುದೋ ಚಾರಿಟಿ ಊಟದಲ್ಲಿ ಸಿಕ್ಕಿತಂತೆ ಎಂದಳು.

"ಒಂದು ಬಟ್ಟೆ ನೇಯೋದಕ್ಕೆ ಎಷ್ಟು ಗಂಟೆ ಹಿಡಿಯುತ್ತೆ ಅಂತ ಬರೆದಿಡಿ ಅಂತ ಕಲಿಸಿದವರು ನೀವು. ಇದಕ್ಕೆ ಎಷ್ಟು ಗಂಟೆ ಹಿಡೀತು, ಹೇಳಿ."

ಸಿದ್ದೇಶ್ವರಿ ಚೀಲ ಎತ್ತಿ ನೋಡಿದಳು; ಪೆತ್ರೋನಾ ಮಗ್ಗದಲ್ಲಿ ನೇಯುವ ಹಕ್ಕಿಯೇ ಅದು, ಇಲ್ಲಿ ಬರೀ ಬಣ್ಣದ ಅಚ್ಚು.

ಗುಳೇದಗುಡ್ಡದ ಖಣ ನೇಯುವ ಮನೆಯಲ್ಲಿ ಹುಟ್ಟಿದವಳು ಅವಳು. ಈಗ ಅಮೆರಿಕದಲ್ಲಿ, ಡಲ್ಲಸ್ ವಿಮಾನ ನಿಲ್ದಾಣದ ಹತ್ತಿರದ ಒಂದು ಕಂಪನಿಯಲ್ಲಿ ಇಂಜಿನಿಯರ್. ಸೆಂಟರ್‌ವಿಲ್‌ನ ಸೋನಾಲಿ ಒಂದು ಸೇವಾ ಸಂಸ್ಥೆ ನಡೆಸುತ್ತಿದ್ದಳು. ಗ್ವಾಟೆಮಾಲಾದ ಬೆಟ್ಟಗಳಿಂದ ಬಂದ ಮಾಯಾ ನೇಕಾರ ಹೆಂಗಸರಿಗೆ ವ್ಯಾಪಾರ ಕಲಿಸುವ ಕೆಲಸಕ್ಕೆ ಆ ವರ್ಷ, ೨೦೨೩ರಲ್ಲಿ, ಸಿದ್ದೇಶ್ವರಿಯನ್ನು ಕರೆದವಳು ಅವಳೇ. ಹರ್ನ್‌ಡನ್ನಿನಲ್ಲಿ ಬಾಡಿಗೆಯ ಹಾಲ್, ಹದಿನಾರು ಮಂದಿ. ಹೋಟೆಲಿನಲ್ಲಿ ಹನ್ನೆರಡು ವರ್ಷ ದುಡಿದು ಇಂಗ್ಲಿಷ್ ಕಲಿತಿದ್ದ ಪೆತ್ರೋನಾ ಉಳಿದವರಿಗೆ ಅವರ ಮಾಮ್ ಭಾಷೆಯಲ್ಲಿ ಎಲ್ಲವನ್ನೂ ತಿಳಿಸುತ್ತಿದ್ದಳು.

ನಾಲ್ಕನೆಯ ವಾರ ಕ್ಯಾಟಲಾಗ್ ಪಾಠ. ಪ್ರತಿ ನೇಯ್ಗೆಯ ಫೋಟೋ ತೆಗೆಯಬೇಕಿತ್ತು. ಪೆತ್ರೋನಾ ಒಪ್ಪಿರಲಿಲ್ಲ. ಹಕ್ಕಿ ತನ್ನೊಬ್ಬಳದಲ್ಲ, ಊರಿನದು ಎಂದಿದ್ದಳು. ಫೋಟೋ ಇಲ್ಲದೆ ಗಿರಾಕಿ ಬರುವುದಿಲ್ಲ ಎಂದು ಅವಳನ್ನು ಒಪ್ಪಿಸಿದವಳು ಸಿದ್ದೇಶ್ವರಿ. ಸೋನಾಲಿ ಕಳಿಸಿದ ಒಪ್ಪಿಗೆ ಪತ್ರಗಳಲ್ಲಿ ಹೆಸರು ತುಂಬಿ, ಇಲ್ಲಿ ಸಹಿ ಹಾಕಿ ಎಂದು ಬೆರಳಿಟ್ಟು ತೋರಿಸಿದವಳೂ ಅವಳೇ. ಪತ್ರವನ್ನು ಅವಳು ಓದಿರಲಿಲ್ಲ.

ಪೆತ್ರೋನಾ ಚೀಲ ತಂದ ಆ ಶನಿವಾರ ಪಾಠ ನಡೆಯಲಿಲ್ಲ. ಸಿದ್ದೇಶ್ವರಿ ಕಾರಿನಲ್ಲಿ ಕೂತು ಪತ್ರ ತೆರೆದಳು. ಎರಡನೆಯ ಪುಟದಲ್ಲಿ, ಚಿತ್ರಗಳನ್ನು ಸಂಸ್ಥೆಯೂ ಅದರ ಪ್ರಾಯೋಜಕರೂ ಯಾವುದೇ ಉದ್ದೇಶಕ್ಕೆ ಬಳಸಬಹುದು ಎಂದಿತ್ತು. ನೇರವಾಗಿ ಸೆಂಟರ್‌ವಿಲ್‌ಗೆ ಓಡಿಸಿದಳು.

ಸೋನಾಲಿ ಗಾಬರಿಯಾಗಲಿಲ್ಲ. ಮನೆ ಅಲಂಕಾರದ ಸಾಮಾನು ಮಾರುವ ಪ್ರಾಯೋಜಕ ಕಂಪನಿಯೊಂದು ಸಂಸ್ಥೆಯ ಚಾರಿಟಿ ಊಟಕ್ಕೆಂದು ಚೀಲಗಳನ್ನು ಉಚಿತವಾಗಿ ಅಚ್ಚು ಹಾಕಿಸಿ ಕೊಟ್ಟಿತ್ತು. ಈಗ ಅದೇ ಚಿತ್ರದ ದಿಂಬಿನ ಕವರುಗಳನ್ನು ಮಾರಾಟಕ್ಕೂ ಇಟ್ಟಿತ್ತು. ಇದರಿಂದ ಹೆಂಗಸರಿಗೇ ಹೆಸರು ಬರುತ್ತದೆ ಎಂಬುದು ಅವಳ ವಾದ.

"ಅವರೇ ಸೈನ್ ಮಾಡಿದಾರಲ್ಲ ಸಿದ್ದು. ಅಲ್ದೆ, ಅದು ನಮ್ ಗಂಡಭೇರುಂಡ ಥರಾನೇ ಇದೆ ಅಂತ ನೀನೇ ಹೇಳಿದ್ದೆ. ಎಲ್ಲಾ ಕಡೆ ಇರೋ ಡಿಸೈನ್‌ಗೆ ಯಾರು ಓನರ್?"

"ಗಂಡಭೇರುಂಡ ಎಲ್ಲಾರದೂ ಹೌದು. ಪೆತ್ರೋನಾನ ಹಕ್ಕೀದು ಬಲಗಾಲು ಗಿಡ್ಡ ಐತಿ. ಅವರಜ್ಜಿ ಎಳಿ ತಪ್ಪಿ ನೇಯ್ದದ್ದು, ಇವರು ಹಂಗ ಉಳಿಸ್ಕೊಂಡು ಬಂದಾರ. ನಿಮ್ಮ ಚೀಲದಾಗಿನ ಹಕ್ಕೀನೂ ಕುಂಟ ಐತಿ, ನೋಡ್ರಿ."

ಸೋನಾಲಿ ಚೀಲದ ಕಡೆ ನೋಡಲಿಲ್ಲ. ಬೇಕಾದರೆ ಲೇಬಲ್ಲಿನಲ್ಲಿ 'ಮಾಯಾ ಮಹಿಳೆಯರಿಂದ ಸ್ಫೂರ್ತಿ' ಎಂದು ಹಾಕಿಸುವುದಾಗಿ ಹೇಳಿ ಚಹಾ ಮಾಡಲು ಎದ್ದಳು. ಆ ಸಮಾಧಾನವೇ ಸಿದ್ದೇಶ್ವರಿಯನ್ನು ಇನ್ನಷ್ಟು ಕೆರಳಿಸಿತು. ಚಹಾ ಕುಡಿಯದೆ ಹೊರಟಳು. ದಾರಿಯುದ್ದಕ್ಕೂ ಅವಳು ಬೈದದ್ದು ಸೋನಾಲಿಯನ್ನಷ್ಟೇ ಅಲ್ಲ.

ಮುಂದಿನ ಶನಿವಾರ ಹದಿನಾರು ಹೆಂಗಸರ ಮುಂದೆ ಅವಳು ಆ ಪತ್ರವನ್ನು ಸಾಲು ಸಾಲಾಗಿ ಓದಿದಳು. ತಾನು ಓದದೆಯೇ ಸಹಿ ಹಾಕಿಸಿದ್ದನ್ನೂ ಹೇಳಿದಳು. ಪೆತ್ರೋನಾ ಅದನ್ನು ಮಾಮ್‌ನಲ್ಲಿ ಹೇಳುವಾಗ ದನಿ ತಗ್ಗಿಸಲಿಲ್ಲ. ಒಬ್ಬ ಮುದುಕಿ ಎದ್ದು ಹೊರಟೇಹೋದಳು. ಉಳಿದವರು ಒಪ್ಪಿಗೆ ಹಿಂದಕ್ಕೆ ಪಡೆಯುವ ಕಾಗದ ಬರೆಸಿ, ಸಹಿ ಹಾಕಿ, ಕಂಪನಿಗೂ ಸೋನಾಲಿಗೂ ಕಳಿಸಿದರು. ನೇಯ್ದ ಹಕ್ಕಿ, ಚೀಲದ ಹಕ್ಕಿ ಎರಡರ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು, ಗಿಡ್ಡ ಕಾಲಿಗೆ ಗುರುತು ಹಾಕಿದ್ದರು.

ಮೂರು ವಾರಗಳ ನಂತರ ಕಂಪನಿ ಹಕ್ಕಿಯ ಕವರುಗಳನ್ನು ಮಾರಾಟದಿಂದ ತೆಗೆಯಿತು. ಕ್ಷಮೆ ಕೇಳಲಿಲ್ಲ. ಬೇರೆ ಹೆಂಗಸರ ನೇಯ್ಗೆಯ ಫೋಟೋಗಳಿಂದ ತೆಗೆದ ಇನ್ನೆರಡು ವಿನ್ಯಾಸಗಳನ್ನು ಉಳಿಸಿಕೊಂಡಿತು. ಸೋನಾಲಿ ಸಿದ್ದೇಶ್ವರಿಯ ಹೆಸರನ್ನು ಸ್ವಯಂಸೇವಕರ ಪಟ್ಟಿಯಿಂದ ಹೊಡೆದು, ಹಾಲ್ ಬುಕಿಂಗ್ ಅನ್ನು ರದ್ದು ಮಾಡಿದಳು. ಕನ್ನಡದವರ ಸಮಾರಂಭದಲ್ಲಿ ಎದುರಾದಾಗ ಪರಿಚಯವೇ ಇಲ್ಲದವಳಂತೆ ಪಕ್ಕಕ್ಕೆ ಸರಿದಳು.

ತರಗತಿ ಪೆತ್ರೋನಾಳ ಅಪಾರ್ಟ್‌ಮೆಂಟಿನ ಬೈಠಕ್ ಕೋಣೆಗೆ ಬಂತು. ಈಗ ವ್ಯಾಪಾರ ಕಲಿಸುವವಳು ಅವಳೇ. ನಡುವಿಗೆ ಮಗ್ಗದ ಪಟ್ಟಿ ಬಿಗಿದುಕೊಂಡು, ಇನ್ನೊಂದು ತುದಿಯನ್ನು ಬಾಗಿಲಿಗೆ ಕಟ್ಟಿ, ನೇಯುತ್ತಲೇ ಮಾತಾಡುತ್ತಾಳೆ. ಸಿದ್ದೇಶ್ವರಿಗೆ ಅವಳು ಹೇಳಿದ್ದು ಇಷ್ಟೇ: "ನೀವು ಬನ್ನಿ. ಆದರೆ ಪಾಠ ಬೇಡ. ಕಾಗದ ಓದಿ ಹೇಳಿ, ಸಾಕು." ಫೋನನ್ನು ಬಾಗಿಲಲ್ಲೇ ತೆಗೆದಿಟ್ಟು ಒಳಗೆ ಹೋಗಬೇಕು.

ಸಿದ್ದೇಶ್ವರಿ ಹೋದಳು. ಮೊದಲ ದಿನ ಕರಕುಶಲ ಮೇಳವೊಂದರ ಹನ್ನೊಂದು ಪುಟದ ಅರ್ಜಿ ಓದಿದಳು. ಆರನೆಯ ಪುಟದ ಒಂದು ಷರತ್ತಿನ ಬಳಿ ಓದು ನಿಲ್ಲಿಸಿದಳು. ಪೆತ್ರೋನಾ ಅದರ ಅರ್ಥ ಕೇಳಿದಳು.

"ನನಗೆ ಗೊತ್ತಿಲ್ಲ. ವಕೀಲರನ್ನ ಕೇಳಿ ಬಂದು ಹೇಳ್ತೀನಿ."

ಪೆತ್ರೋನಾ ತಲೆಯಾಡಿಸಿ ಅದನ್ನು ಉಳಿದವರಿಗೆ ಹೇಳಿದಳು. ಆ ದಿನ ಯಾರೂ ಸಹಿ ಹಾಕಲಿಲ್ಲ.