ಪೆಂಕಕ್ಕನ ಮನೆಗೆ ನಾಲ್ಕು ಹೂ

ಬಸ್ಸಿನಿಂದ ಇಳಿಯುವಾಗ ಬಾಗಿಲಿಗೆ ಸಿಕ್ಕಿ ಒಂದು ಕಾರ್ನೇಷನ್ ಹೂವಿನ ಕತ್ತು ಮುರಿಯಿತು. ರೋಸಿತ್ಸಾ ಅದನ್ನು ಕಿತ್ತು ಚರಂಡಿಗೆ ಎಸೆದಳು. ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಉಳಿದವನ್ನು ಎಣಿಸಲಿಲ್ಲ.

ಅಂದು ಪೆತ್ರೋವ್‌ದೆನ್. ಪೆತರ್, ಪೆಂಕಾ ಎಂಬ ಹೆಸರಿನವರ ಹಬ್ಬ. ಆ ದಿನ ಯಾರೂ ಯಾರನ್ನೂ ಕರೆಯುವುದಿಲ್ಲ, ಕರೆಯದೆಯೇ ಹೋಗಬೇಕು. ಹೊಲಿಗೆ ಕಾರ್ಖಾನೆಯ ಹೆಂಗಸರೆಲ್ಲ ಪೆಂಕಕ್ಕನ ಮನೆಯಲ್ಲಿ ಸೇರುತ್ತಾರೆ. ಬರದವಳ ಬಗ್ಗೆ ಮರುದಿನ ಊಟದ ಹೊತ್ತಿಗೆ ಮಾತು ಹುಟ್ಟುತ್ತದೆ. ರೋಸಿತ್ಸಾಳಿಗೆ ಹೋಗಲು ಮುಖವಿರಲಿಲ್ಲ, ಹೋಗದಿರಲು ಧೈರ್ಯವಿರಲಿಲ್ಲ.

ಪೆಂಕಾ ಕಾರ್ಖಾನೆಯ ಕಾರ್ಮಿಕ ಸಂಘದ ಅಧ್ಯಕ್ಷೆ. ಕೆಲವು ವರ್ಷಗಳ ಹಿಂದೆ, ಅಂಗಿಯ ತೋಳು ಹೊಲಿದು ಹೊಲಿದು ರೋಸಿತ್ಸಾಳ ಮಣಿಕಟ್ಟು ಸೋತು ಬೆರಳುಗಳು ಮರಗಟ್ಟಿದಾಗ, ಮ್ಯಾನೇಜರ್ ದಿಲೋವ್ "ಆಗದಿದ್ರೆ ಮನೇಗೆ ಹೋಗು" ಎಂದಿದ್ದ. ಅವನ ಕೋಣೆಯಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತು, ವಾದ ಮಾಡಿ, ಅವಳನ್ನು ಹಗುರ ಕೆಲಸಕ್ಕೆ ಹಾಕಿಸಿದವಳು ಪೆಂಕಾ. ಆಮೇಲೆ ಸಂಘದ ಖರ್ಚಿನಲ್ಲೇ ಪ್ಲೋವ್‌ದಿವ್‌ಗೆ ಕಳಿಸಿ ಬಟ್ಟೆ ಕಟಿಂಗ್ ಕಲಿಸಿದವಳೂ ಅವಳೇ. ಆ ಕಲಿಕೆಯಿಂದಲೇ ರೋಸಿತ್ಸಾ ಮೇಲ್ವಿಚಾರಕಿಯಾದಳು. ಆದ ಮೇಲೆ ಒಂದು ದಿನ ದಿಲೋವ್ ಕಾಫಿ ಕುಡಿಯುತ್ತಾ, "ಮೇಲ್ವಿಚಾರಕರು ಸಂಘದಲ್ಲಿದ್ರೆ ಚೆನ್ನಾಗಿ ಕಾಣಲ್ಲ" ಎಂದ. ಅಷ್ಟೇ ಹೇಳಿದ್ದು. ಅದೇ ವಾರ ಅವಳು ಸಂಘ ಬಿಟ್ಟಳು. ಪೆಂಕಾ ಏನೂ ಕೇಳಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಈಗ ಅವಳ ಕೈಕೆಳಗೆ ಪ್ರೆಸ್ಸಿನಲ್ಲಿ ದುಡಿಯುವ ಗಿಂಕಾಳ ಕೈ ಸುಟ್ಟಿತ್ತು. ಕಾಲರ್ ಅಂಟಿಸುವ ಪ್ರೆಸ್ಸಿಗೆ ಎರಡು ಗುಂಡಿ. ಎರಡೂ ಕೈಯಿಂದ ಎರಡನ್ನೂ ಒತ್ತಿದರೆ ಮಾತ್ರ ಕಾದ ತಟ್ಟೆ ಇಳಿಯುತ್ತದೆ. ಹಾಗಾಗಿ ಕೈ ಅದರಡಿ ಸಿಗುವುದಿಲ್ಲ. ಕೆಲಸ ಬೇಗ ಸಾಗಲೆಂದು ಯಾರೋ ಒಂದು ಗುಂಡಿಗೆ ಟೇಪು ಸುತ್ತಿ, ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡಿದ್ದರು. ಆ ಯಾರೋ ರೋಸಿತ್ಸಾಳೇ. "ಹೇಗಾದ್ರೂ ಮಾಡು, ಲಾರಿ ಹೊರಡ್ಬೇಕು" ಎಂದಿದ್ದ ದಿಲೋವ್. ಗಿಂಕಾಳ ಪಾಳಿಗೆ ಮುಂಚೆ ಅವಳು ಟೇಪು ಸುತ್ತಿದಳು, ಗಿಂಕಾಳಿಗೆ ಹೇಳುವುದನ್ನು ಮರೆತಳು. ಕಾಲರ್ ಸರಿಪಡಿಸುತ್ತಿದ್ದ ಗಿಂಕಾಳ ಎಡಗೈ ಇನ್ನೊಂದು ಗುಂಡಿಗೆ ತಗುಲಿ ತಟ್ಟೆ ಬಲಗೈ ಮೇಲೆ ಇಳಿದಿತ್ತು. ಈಗ ಟೇಪು ಸುತ್ತಿದ್ದು ಗಿಂಕಾಳೇ ಎಂದು ಅವಳನ್ನು ಕೆಲಸದಿಂದ ತೆಗೆಯಲು ಹೊರಟಿದ್ದರು. ನಾಳೆ ವಿಚಾರಣೆ. "ನಿಂಗೇನಾದ್ರೂ ಗೊತ್ತಾ?" ಎಂದು ಪೆಂಕಾ ಮೊನ್ನೆ ಕೇಳಿದಾಗ ರೋಸಿತ್ಸಾ, "ನಾನು ನೋಡಿಲ್ಲ ಅಕ್ಕಾ" ಎಂದಿದ್ದಳು.

ಅಂಗಳದ ಬಾಗಿಲು ತೆರೆದೇ ಇತ್ತು. ದ್ರಾಕ್ಷಿ ಚಪ್ಪರದಡಿ ಉದ್ದನೆಯ ಮೇಜು, ಹುರಿದ ಎಳೆ ಕೋಳಿ, ಹೊಸ ಸೇಬು, ಹಣ್ಣಿನ ಸಾರಾಯಿ ರಾಕಿಯಾದ ಬಾಟಲಿ. ಹೂ ತೆಗೆದುಕೊಂಡ ಪೆಂಕಾಳ ಕಣ್ಣು ಅದರ ಮೇಲೇ ನಿಂತಿತು.

"ಏನೇ ಇದು, ನಾಲ್ಕು? ನನ್ನ ಹೂಳೋಕೆ ಬಂದ್ಯಾ?"

ಮೇಜಿನ ಸುತ್ತ ನಗು ಎದ್ದಿತು. ಸರಿಸಂಖ್ಯೆಯ ಹೂ ಹೆಣಕ್ಕೆ. ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತು. ರೋಸಿತ್ಸಾಳ ಕಿವಿ ಬಿಸಿಯಾಯಿತು.

"ಐದಿತ್ತು ಅಕ್ಕಾ, ದೇವರಾಣೆ. ಬಸ್ಸಲ್ಲಿ ಒಂದು ಮುರೀತು."

"ನಿಂಗಲ್ಲ ಬಿಡು ಪೆಂಕಕ್ಕಾ, ಗಿಂಕಾಳ ಕೆಲಸಕ್ಕೆ ತಂದಿರ್ಬೇಕು," ಎಂದಳು ಗುಂಡಿ ಹೊಲಿಯುವ ಮಿತ್ಕಾ. "ಮೇಲ್ವಿಚಾರಕರಿಗೆ ಎಲ್ಲಾ ಮುಂಚೇನೇ ಗೊತ್ತಿರುತ್ತಲ್ಲ."

ಈ ಸಲ ಯಾರೂ ನಗಲಿಲ್ಲ. ಪೆಂಕಾ ಒಂದು ಹೂ ಎಳೆದು ಗಿಂಕಾಳ ತಟ್ಟೆಯ ಪಕ್ಕ ಇಟ್ಟಳು. "ಮೂರಾಯ್ತು. ನಾನು ಬದುಕ್ದೆ. ಕೂತ್ಕೊಳ್ಳೇ."

ಖಾಲಿಯಿದ್ದದ್ದು ಗಿಂಕಾಳ ಪಕ್ಕದ ಜಾಗವೊಂದೇ. ಗಿಂಕಾಳ ಬಲಗೈ ಮೊಣಕೈವರೆಗೂ ಬಿಳಿ ಬಟ್ಟೆಯಲ್ಲಿತ್ತು.

"ರೋಸಿ, ಕೋಳಿ ಸ್ವಲ್ಪ ಹರ್ದು ಕೊಡ್ತೀಯಾ? ಎಡಗೈಲಿ ಆಗ್ತಿಲ್ಲ."

ರೋಸಿತ್ಸಾ ಹರಿದು ಕೊಟ್ಟಳು. ಮೂಳೆಯಿಂದ ಬಿಡಿಸಿ, ಸಣ್ಣ ಸಣ್ಣದಾಗಿ, ಮಗುವಿಗೆ ಕೊಡುವ ಹಾಗೆ.

"ನಿಜ ಹೇಳ್ಲಾ?" ಎಂದಳು ಗಿಂಕಾ ಅಗಿಯುತ್ತಾ. "ಈಗೀಗ ನಂಗೇ ಅನುಮಾನ. ಟೇಪು ನಾನೇ ಸುತ್ತಿದ್ನೇನೋ ಅಂತ. ಎಲ್ರೂ ಅದನ್ನೇ ಹೇಳ್ತಿದ್ರೆ ತಲೆ ಕೆಡುತ್ತೆ ಕಣೇ."

ರೋಸಿತ್ಸಾ ಎಣ್ಣೆ ಕೈಯಲ್ಲೇ ಎದ್ದು ಅಡಿಗೆಮನೆಗೆ ಹೋದಳು. ಪೆಂಕಾ ಒಬ್ಬಳೇ ಸೇಬು ತೊಳೆಯುತ್ತಿದ್ದಳು.

"ಅಕ್ಕಾ, ಟೇಪು ಸುತ್ತಿದ್ದು ನಾನು."

ಪೆಂಕಾ ನಲ್ಲಿ ನಿಲ್ಲಿಸಿದಳು. ತಿರುಗಲಿಲ್ಲ. "ದಿಲೋವ್ ಹೇಳಿದ್ನಾ?"

"ಟೇಪು ಅನ್ಲಿಲ್ಲ. ಹೇಗಾದ್ರೂ ಮಾಡು ಅಂದ."

"ಅವನು ಯಾವತ್ತು ಪೂರ್ತಿ ಹೇಳಿದಾನೆ?" ಈಗ ತಿರುಗಿದಳು. "ಇಷ್ಟೊತ್ತೂ ಅವಳಿಗೆ ಕೋಳಿ ಹರ್ದು ಕೊಟ್ಯಲ್ಲ. ಕೈ ನಡುಗ್ಲಿಲ್ವೇನೇ?"

ರೋಸಿತ್ಸಾ ತನ್ನ ಎಣ್ಣೆ ಕೈ ನೋಡಿಕೊಂಡಳು. ನಡುಗಿರಲಿಲ್ಲ. ಅದೇ ಅವಳಿಗೆ ಹೇಸಿಗೆಯಾಗಿದ್ದು.

"ನಾಳೆ ಹೇಳ್ತೀನಿ."

"ಯೋಚ್ನೆ ಮಾಡು. ಹೇಳಿದ್ರೆ ನಿನ್ನನ್ನ ತೆಗೀತಾರೆ, ಇಲ್ಲಾ ವಾಪಸ್ ಮಿಷನ್ನಿಗೆ ಕೂರಿಸ್ತಾರೆ, ಆ ಕೈ ಇಟ್ಕೊಂಡು. ನೀನು ಸಂಘದಲ್ಲಿಲ್ಲ. ನಾನು ಗಿಂಕಾ ಪಕ್ಕ ಕೂತಿರ್ತೀನಿ, ನಿನ್ನ ಪಕ್ಕ ಯಾರೂ ಇರಲ್ಲ."

"ಈಗ ಸೇರ್ಕೊಂಡ್ರೆ?"

"ಸೇರ್ಕೋ. ಆದ್ರೆ ಈ ವಿಚಾರಣೆಗೆ ಸಂಘ ನಿನ್ನ ಪರ ಬರಲ್ಲ. ಏನಿದ್ರೂ ಮುಂದಿನದಕ್ಕೆ." ಪೆಂಕಾ ಸೇಬಿನ ತಟ್ಟೆ ಎತ್ತಿಕೊಂಡು ಹೊರಗೆ ಹೋದಳು.

ಮರುದಿನ, ಸೋಮವಾರ, ವಿಚಾರಣೆಯಲ್ಲಿ ದಿಲೋವ್ ತನ್ನ ಪಕ್ಕದ ಕುರ್ಚಿ ತೋರಿಸಿದ. ಮೇಲ್ವಿಚಾರಕರು ಅಲ್ಲೇ ಕೂರುವುದು. ರೋಸಿತ್ಸಾ ಕೂರಲಿಲ್ಲ. ಆಚೆ ಕಡೆ ಗಿಂಕಾ, ಪೆಂಕಾ ಕೂತಿದ್ದರು. ಅಲ್ಲಿ ಮೂರನೆಯ ಕುರ್ಚಿ ಇರಲಿಲ್ಲ. ನಿಂತೇ ಹೇಳಿದಳು.

"ನಾನು ಟೇಪು ಸುತ್ತು ಅಂದ್ನಾ?" ಎಂದ ದಿಲೋವ್.

"ಇಲ್ಲ. ಹೇಗಾದ್ರೂ ಮಾಡು ಅಂದ್ರಿ. ಸುತ್ತಿದ್ದು ನಾನು. ಗಿಂಕಾ ಅಲ್ಲ, ಅವಳಿಗೆ ಗೊತ್ತೂ ಇರ್ಲಿಲ್ಲ."

ಪೆಂಕಾ ಆ ಮಾತನ್ನು ಹಾಗೇ ದಾಖಲೆಯಲ್ಲಿ ಬರೆಸುವವರೆಗೂ ಬಿಡಲಿಲ್ಲ. ಗಿಂಕಾಳ ಕೆಲಸ ಉಳಿಯಿತು. ದಿಲೋವ್, "ನೀವಿಬ್ರೂ ಹೋಗಿ. ರೋಸಿತ್ಸಾ ಇರ್ಲಿ" ಎಂದ.

ಗಿಂಕಾ ಎಡಗೈಯಲ್ಲಿ ಚೀಲ ಎತ್ತಿಕೊಂಡು ಎದ್ದಳು. ಥ್ಯಾಂಕ್ಸ್ ಅನ್ನಲಿಲ್ಲ. ಹಾದುಹೋಗುವಾಗ ಒಂದು ಕ್ಷಣ ನಿಂತಳು.

"ನಿನ್ನೆ ಕೋಳಿ ಹರ್ದು ಕೊಟ್ಯಲ್ಲೇ," ಎಂದಳು. ಅಷ್ಟೇ.

ಪೆಂಕಾ ಅವಳ ಹಿಂದೆಯೇ ಹೋಗಿ ಬಾಗಿಲು ಎಳೆದುಕೊಂಡಳು. ರೋಸಿತ್ಸಾ ಗಿಂಕಾ ಬಿಟ್ಟೆದ್ದ ಕುರ್ಚಿಯಲ್ಲಿ ಕೂತಳು. ಪಕ್ಕದ್ದು ಖಾಲಿಯಿತ್ತು.