ತಿರುಪ್ಪೂರಿನ ಚಳಿ

"ಏಳೇ ಮುಂಡೇದೆ! ನಿಮ್ಮಪ್ಪ ಬೀಸಿದ ಗಾಳಿ ಅಂದ್ಕಂಡ್ಯಾ? ಮಿಷನ್ಗೂ ನಿನ್ ಬೆವ್ರು ನಾತ ಹಿಡಿಸ್ತಿದೀಯ!"

ಮೇಸ್ತ್ರಿ ದುರೈಕಣ್ಣು ಕೋಲಿನಿಂದ ತಿವಿದದ್ದಕ್ಕೆ ಪೂವಾಯಿ ಗೋಡೆ ಹಿಡಿದು ಎದ್ದಳು. ಐದು ತಿಂಗಳ ಬಸುರಿ. ಹೀಟ್ ಪಂಪಿನ ಹಿಂಬದಿಯ ತಣ್ಣನೆ ಗಾಳಿಗೆ ಮುಖ ಕೊಟ್ಟು ಒಂದು ಗಳಿಗೆ ಕೂತಿದ್ದಳು, ಅಷ್ಟೇ. ಅತ್ತಿಗೆ ಪೇಚಿ ಅವಳ ರಟ್ಟೆ ಹಿಡಿದು ಬಟ್ಟೆಗೆ ಬಣ್ಣ ಹಾಕುವ ತೊಟ್ಟಿಗಳ ಕಡೆ ನಡೆಸಿಕೊಂಡು ಹೋದಳು.

ಆ ಹೀಟ್ ಪಂಪಿನ ಪೆಟ್ಟಿಗೆ ಕಾರ್ಖಾನೆಗೆ ಬಂದದ್ದು ಹೋದ ತಿಂಗಳು. ಸೌದೆಯ ಬಾಯ್ಲರು ಆರಿಸಿದರು. ಇದು ಗಾಳಿಯ ಕಾವು ಹೀರಿ ನೀರಿಗೆ ಕೊಡುತ್ತದಂತೆ, ಕಾವು ಕಳಕೊಂಡ ಗಾಳಿ ಹಿಂದಿನಿಂದ ತಣ್ಣಗೆ ಹೊರಬೀಳುತ್ತದಂತೆ. ಹೊಗೆ ಇಲ್ಲ, ಮಸಿ ಇಲ್ಲ. ಒಳ್ಳೇದೇ ಬಿಡಿ, ಪೇಚಿಯ ಕೆಮ್ಮೂ ನಿಂತಿತ್ತು. ಆದರೆ ತೊಟ್ಟಿಯ ನೀರು ಸುಡುವುದು ಬಿಡಲಿಲ್ಲ, ಮೇಲಿನ ತಗಡೂ ಬಿಡಲಿಲ್ಲ.

ಪೂವಾಯಿ ಅಲ್ಲಿ ಕೂತ ಮಾರನೆಯ ದಿನವೇ ಕಾರ್ಖಾನೆಯ ಒಡೆಯ, ಮುದಲಾಳಿ ನಾಚಿಮುತ್ತು, ಆ ತಣ್ಣನೆ ಗಾಳಿಗೆ ದೊಡ್ಡ ಕೊಳವೆ ಹಾಕಿಸಿ ತನ್ನ ಅತಿಥಿ ಕೋಣೆಗೆ ತಿರುಗಿಸಿಕೊಂಡ.

"ಒಂದು ಕವಲು ನಮ್ ಕಡೀಕೂ ಬುಡಿ ಮುದಲಾಳಿ. ಬಸ್ರಿ ಹೆಂಗ್ಸು, ಈ ಕಾವಲ್ಲಿ ಸತ್ತೋಯ್ತಾಳೆ," ಅಂದಳು ಪೇಚಿ.

"ತಂಗಾಳಿ ಬೇಕಂತೆ ಮಹಾರಾಣಿಗೆ! ನಾಳೆ ಸುಪ್ಪತ್ತಿಗೇನೂ ಕೇಳ್ತೀಯ, ಬೋಳಿ!"

ಬಟ್ಟೆ ಕೊಳ್ಳುವ ಜರ್ಮನಿಯವರು ಬರುವ ದಿನ ಮೇಸ್ತ್ರಿ ಒಂದು ಗಂಟು ಹೊತ್ತು ತಂದು ಕೆಡವಿದ. ಹೊಲಿಗೆ ತಪ್ಪಿ ವಾಪಸು ಬಿದ್ದ ದಪ್ಪ ದಪ್ಪ ಚಳಿಕೋಟುಗಳು, ತಲೆಗೆ ಕುಲಾವಿ ಬೇರೆ. ಹೊರಗೆ ಮೇ ತಿಂಗಳ ಅಗ್ನಿನಕ್ಷತ್ರದ ಬಿಸಿಲು.

"ಎಲ್ರೂ ಹಾಕ್ಕಳಿ. ತಣ್ಣನೆ ಗಾಳಿ ಪೂರಾ ಕೆಲಸದೋರ್ಗೇ ಬಿಟ್ಟಿದೀವಿ ಅಂತ ಮುದಲಾಳಿ ಅವ್ರಿಗೆ ಹೇಳ್ಬುಟ್ಟವ್ರೆ. ನಿಮ್ ಮೈಮ್ಯಾಲೆ ಚಳಿ ಕಾಣ್ಬೇಕು."

"ಚಳಿ ಅಂದ್ರೆ ಹೆಂಗಿರ್ತದಪ್ಪಾ? ನಾ ಹುಟ್ಟಿದ್ದೇ ತಿರುಪ್ಪೂರಲ್ಲಿ," ಅಂದ ಮುದುಕ ಕರುಪ್ಪನ್.

"ನಡುಗೋ ಬೇವರ್ಸಿ! ಹಲ್ಲು ಕಟಕಟ ಅನ್ಸು! ಸಿನಿಮಾ ನೋಡಿಲ್ವಾ?"

ನಡುಗಿದರು. ಕುದಿನೀರಿನ ಆವಿಯಲ್ಲಿ ಕೋಟು ತೊಟ್ಟು, ಕೈ ಉಜ್ಜಿಕೊಂಡು, ಹುಹುಹು ಅಂದರು. ಮುದಲಾಳಿಯ ಹಿಂದೆ ಒಳಗೆ ಬಂದ ಜರ್ಮನಿಯ ಬಿಳಿ ಹೆಂಗಸಿನ ಮೂಗಿನಿಂದ ಬೆವರು ತೊಟ್ಟಿಕ್ಕುತ್ತಿತ್ತು. ಜೊತೆಗೆ ಬಂದಿದ್ದ ದುಭಾಷಿ ಹುಡುಗಿ ಸೆರಗಿನಿಂದ ಗಾಳಿ ಹಾಕಿಕೊಂಡಳು. ಅಷ್ಟರಲ್ಲಿ ಪೂವಾಯಿ ಕೈಯಲ್ಲಿದ್ದ ಒದ್ದೆ ಬಟ್ಟೆ ಸಮೇತ ಧೊಪ್ಪನೆ ಬಿದ್ದಳು.

"ನೋಡಿ ನೋಡಿ," ಅಂದ ಮುದಲಾಳಿ ಹಲ್ಲು ಕಿರಿದು, "ಎಷ್ಟು ತಣ್ಣಗದೆ ಅಂದ್ರೆ ಮರಗಟ್ಟಿ ಬಿದ್ಲು!"

ಪೇಚಿಗೆ ಅಂಗಾಲಿಂದ ನೆತ್ತಿವರೆಗೆ ಉರಿಯಿತು. ಥೂ ನಿನ್ನ ಜನ್ಮಕ್ಕೆ!

"ಮರಗಟ್ಟಿದೋಳ್ನ ಇಲ್ಲೇ ಬುಡ್ತಾರಾ? ಹಿಡೀರ್ರೋ ಕಾಲು!"

ನಾಲ್ಕು ಜನ ಎತ್ತಿದರು, ಉಳಿದವರು ಹಿಂದೆ ನಡೆದರು. ಪೇಚಿ ಅತಿಥಿ ಕೋಣೆಯ ಬಾಗಿಲನ್ನು ಕಾಲಿನಿಂದ ದೂಡಿದಳು. ತಂಗಾಳಿ ರಪ್ಪನೆ ಮುಖಕ್ಕೆ ಬಂತು. ಬಿಳಿ ಸೋಫಾದ ಮೇಲೆ ಪೂವಾಯಿಯನ್ನು ಮಲಗಿಸಿ ಕೋಟು ಬಿಚ್ಚಿದಳು. ಅವಳ ಒದ್ದೆ ಬಟ್ಟೆಯಿಂದ ನೀಲಿ ಬಣ್ಣ ತೊಟತೊಟ ಇಳಿಯಿತು. ಮುದುಕ ಕರುಪ್ಪನ್ ಮುದಲಾಳಿಯ ಕುರ್ಚಿಯಲ್ಲೇ ಕೂತು ಕಾಲು ಚಾಚಿದ.

ಬಿಳಿ ಹೆಂಗಸು ಬಾಗಿಲಲ್ಲಿ ನಿಂತು ಏನೋ ಕೇಳಿದಳು. ದುಭಾಷಿ ಹುಡುಗಿ, "ಇದು ಕೆಲಸದೋರು ಸುಧಾರಿಸಿಕೊಳ್ಳೋ ಕೋಣೆನಾ ಅಂತ ಕೇಳ್ತಿದಾರೆ," ಅಂದಳು.

ಮುದಲಾಳಿ ಬಣ್ಣ ಹತ್ತಿದ ಸೋಫಾದ ಕಡೆ ಒಮ್ಮೆ ನೋಡಿದ.

"ಹೌ... ಹೌದು. ಅವ್ರದ್ದೇ."

"ಕೇಳಿದ್ರಾ? ನಮ್ಮದಂತೆ!" ಅಂದಳು ಪೇಚಿ. ತನ್ನ ಕೋಟು ಬಿಚ್ಚಿ ಮುದಲಾಳಿಗೆ ತೊಡಿಸಿ, ಗಲ್ಲದವರೆಗೂ ಜಿಪ್ಪು ಎಳೆದು, ಕುಲಾವಿ ಏರಿಸಿದಳು. ಬಿಳಿ ಹೆಂಗಸು ಚಪ್ಪಾಳೆ ತಟ್ಟಿದಳು.

"ಇಲ್ಲಿ ನಿಮ್ಗೆ ಚಳಿ ಮುದಲಾಳಿ. ತೊಟ್ಟೀಲಿ ಬಟ್ಟೆ ಬೇಯ್ತಾ ಅದೆ. ಹೋಗಿ ಎಳೀರಿ."

ಯಾರೂ ಏಳಲಿಲ್ಲ. ಸೋಫಾದ ಮೇಲೆ ಪೂವಾಯಿ ಕಣ್ಣು ಬಿಟ್ಟಳು. ಅವಳ ತೋಳಿನ ರೋಮ ನಿಮಿರಿ ನಿಂತಿತ್ತು. ಅದನ್ನೇ ಬೆರಗಾಗಿ ನೋಡಿದಳು.

"ಅತ್ತಿಗೇ, ಚಳಿ ಅಂದ್ರೆ ಇದೇನಾ?"